ಒಂಟೆಗೆ ಹೇಳಿದ ಮಾತು

ಅಳಿಯ ಇಲಾತನ್ ಮಧ್ಯಾಹ್ನದ ಬಿಸಿಲಲ್ಲಿ ಬಂದ. ಬಂದವನು ಗುಡಾರದ ಬಾಗಿಲಿಗೆ ಬರಲಿಲ್ಲ. ಮೇಕೆಮರಿಗಳನ್ನು ಕಟ್ಟುವ ಗೂಟದ ಹತ್ತಿರ, ಅತ್ತೆಗೆ ಮುಖವನ್ನೂ ತೋರಿಸದೆ ಬೆನ್ನನ್ನೂ ತೋರಿಸದೆ, ಮಗ್ಗುಲಾಗಿ ಕೂತ. ಮುಂಡಾಸಿನ ನೀಲಿ ಸೆರಗು ಮೂಗನ್ನು ಮುಚ್ಚಿ ಕಣ್ಣಿನ ಕೆಳರೆಪ್ಪೆಯವರೆಗೆ ಏರಿತ್ತು. ಗುಡಾರದೊಳಗೆ ಸಜ್ಜೆ ಕೇರುತ್ತಿದ್ದ ಸೌದಾತಾ ಚಾಪೆಯ ಸಂದಿನಿಂದ ಇಣುಕಿದಳು. ಮಗಳನ್ನು ಕೊಟ್ಟು ಎರಡು ಮಳೆಗಾಲ ಕಳೆದಿದ್ದರೂ ಈ ಮನುಷ್ಯನ ಎರಡು ಕಣ್ಣು ಬಿಟ್ಟರೆ ಅವಳು ಕಂಡದ್ದು ಹೆಚ್ಚೇನಿಲ್ಲ. ಅತ್ತೆಯ ಎದುರು ಬಾಯಿ ಕಾಣಿಸಬಾರದು, ಉಣ್ಣಬಾರದು, ನೇರವಾಗಿ ಮಾತಾಡಬಾರದು. ಒಳ್ಳೆಯ ಮನೆತನದ ಅಳಿಯನೆಂದರೆ ಹಾಗೆಯೇ ಇರಬೇಕು. ಇಲಾತನ್ ಆ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಸೌದಾತಾಗೆ ಅವನ ಬಗ್ಗೆ ಹೆಮ್ಮೆಯಿತ್ತು. ಹೆಮ್ಮೆಗಿಂತ ಹೆಚ್ಚಾಗಿ ಕುತೂಹಲವಿತ್ತು. ಈತ ನಗುತ್ತಾನೋ ಇಲ್ಲವೋ, ಸಿಟ್ಟು ಬಂದರೆ ಏನು ಮಾಡುತ್ತಾನೆ, ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾನೆ, ಒಂದೂ ತಿಳಿಯದು. ಬಾವಿಯ ಹತ್ತಿರ ಹೆಂಗಸರು, ನಿನ್ನ ಅಳಿಯನಿಗೆ ಹಲ್ಲಿದೆಯೋ ಇಲ್ಲವೋ ವಿಚಾರಿಸಿಕೊಂಡೆಯಾ ಎಂದು ಕಾಡುತ್ತಿದ್ದರು. ಮಗಳನ್ನು ಕೇಳಿದರೆ ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡು ಬೇರೆ ಮಾತು ತೆಗೆಯುತ್ತಿದ್ದಳು.

ಅವನು ತಂದ ಸುದ್ದಿಯನ್ನು ಕೇಳಿ ಒಳಗೆ ಮುಟ್ಟಿಸಿದವನು ಬುಖಾ. ಬುಖಾ ಸೌದಾತಾಳ ಸೋದರಮಾವನ ಮಗ. ಇಬ್ಬರಿಗೂ ತಲೆ ನರೆತಿದೆ, ಆದರೆ ಸೋದರಮಾವ ಸೋದರತ್ತೆಯ ಮಕ್ಕಳು ಒಬ್ಬರನ್ನೊಬ್ಬರು ಹೀಯಾಳಿಸುವುದನ್ನು ಬಿಟ್ಟರೆ ಸಂಬಂಧವೇ ಸತ್ತಂತೆ. ಅವನು ಬಾಗಿಲಲ್ಲಿ ಬಗ್ಗಿ ಹೇಳಿದ.

"ಏ ಮುದುಕಿ, ಅಜ್ಜಿ ಆದೆ. ಹೆಣ್ಣು ಮಗು. ದಿನ ತುಂಬೋಕೆ ಮುಂಚೇನೇ ಬಂದುಬಿಟ್ಟಿದೆ. ನಿನ್ನ ಮೊಮ್ಮಗಳಲ್ವಾ, ತಾಳ್ಮೆ ಎಲ್ಲಿಂದ ಬರಬೇಕು."

ಮಳೆ ಬಿದ್ದು ಮೂಡಲ ಕಣಿವೆಯಲ್ಲಿ ಹಸಿರು ಕಂಡಿತೆಂದು ಮಗಳು ರಖ್ಮತು ಮೇಕೆಗಳನ್ನು ಹೊಡೆದುಕೊಂಡು ಗಂಡನ ಸೋದರತ್ತೆಯ ಜೊತೆ ಅತ್ತ ಹೋಗಿದ್ದಳು. ಹೆರಿಗೆಗೆ ಮೊದಲು ತಾಯಿಯ ಗುಡಾರಕ್ಕೆ ಮರಳುವುದೆಂದು ಮಾತಾಗಿತ್ತು. ಈಗ ಅಲ್ಲಿಯೇ ಹೆರಿಗೆಯಾಗಿದೆ. ತಾಯಿ ಮಗು ಕ್ಷೇಮ. ಆದರೆ ನಾಳೆ ಸಂಜೆಗೆ ಹೆಸರಿಡಬೇಕು. ಮರುದಿನ ಬೆಳಗ್ಗೆ ಗುರುಗಳು ಬಂದು ಓದಿ ಇಡುವ ಹೆಸರೊಂದು ಇದ್ದೇ ಇದೆ, ಅದು ಕಾಗದಕ್ಕೆ. ಹಿಂದಿನ ಸಂಜೆ ತಾಯಿಯ ತಾಯಿ ಕೂಸನ್ನೆತ್ತಿಕೊಂಡು ಗುಡಾರ ಸುತ್ತಿ ಇಡುತ್ತಾಳಲ್ಲ, ಅದು ಬಾಯಿಗೆ. ಬದುಕಿರುವಷ್ಟು ದಿನ ಜನ ಕರೆಯುವುದು ಆ ಹೆಸರಿನಿಂದ. ಹೊತ್ತು ಮುಳುಗುವಷ್ಟರಲ್ಲಿ ಅಜ್ಜಿ ತಲುಪದಿದ್ದರೆ ಅಪ್ಪನ ಸೋದರತ್ತೆ ಎತ್ತಿಕೊಳ್ಳುತ್ತಾಳೆ. ಆಕೆ ಆಗಲೇ ತನ್ನ ಕಡೆಯ ಹೆಸರೊಂದನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕೂತಿದ್ದಾಳಂತೆ.

ಸೌದಾತಾ ಮೊರ ಕೆಳಗಿಟ್ಟಳು. ಅವಳ ತಾಯಿ ತೀಮಾ ತೀರಿಕೊಂಡ ಮೇಲೆ ಆ ಹೆಸರನ್ನು ಯಾರೂ ಕೂಗಿರಲಿಲ್ಲ. ಅಕ್ಕತಂಗಿಯರಿಗೆಲ್ಲ ಗಂಡು ಮೊಮ್ಮಕ್ಕಳೇ. ಮೊದಲ ಹೆಣ್ಣು ಕೂಸು ಬಂದರೆ ತೀಮಾ ಎಂದು ಕರೆಯುವೆನೆಂದು ಅವಳು ಎಷ್ಟೋ ವರ್ಷದಿಂದ ಎಲ್ಲರ ಮುಂದೆ ಹೇಳಿಕೊಂಡು ಬಂದಿದ್ದಳು. ಈಗಲೇ ಹೊರಡೋಣ ಎಂದಳು.

ಜೀಪುಗಳು ಹೋಗುವ ದಾರಿ ಬಡಗಣ ಗುಡ್ಡಗಳನ್ನು ಬಳಸಿ ಹೋಗುತ್ತದೆ. ದೊಡ್ಡ ಮರಳುಗುಡ್ಡಗಳನ್ನು ನೋಡುವ ಆಸೆಯಿಂದ ಬರುವ ಪರದೇಶದವರನ್ನೆಲ್ಲ ಅದರಲ್ಲೇ ಕರೆದೊಯ್ಯುತ್ತಾರೆ. ಆ ದಾರಿ ಹಿಡಿದು ಕೂತರೆ ಹೆಸರಿಡುವುದೇನು, ಕೂಸು ಅಂಬೆಗಾಲಿಡುವ ಹೊತ್ತಿಗೆ ಮುಟ್ಟಿಯಾರು. ನೇರ ದಾರಿಯೆಂದರೆ ಜಲ್ಲಿಕಲ್ಲಿನ ಬಯಲು. ಮರವಿಲ್ಲ, ಗುಡ್ಡವಿಲ್ಲ, ಗುರುತಿಗೆ ಒಂದು ಬಂಡೆಯೂ ಇಲ್ಲ. ನೋಡುವಂಥದ್ದು ಏನೂ ಇಲ್ಲವೆಂದು ಅತ್ತ ಯಾರೂ ಸುಳಿಯುವುದಿಲ್ಲ. ಹಗಲು ದಾಟಿದರೆ ಒಂಟೆಗಳೇ ಬಸವಳಿಯುತ್ತವೆ. ರಾತ್ರಿಯೇ ದಾಟಬೇಕು, ನಕ್ಷತ್ರ ನೋಡಿಕೊಂಡು.

ಹೊತ್ತು ಮುಳುಗುತ್ತಿದ್ದಂತೆ ಮೂವರೂ ಹೊರಟರು. ಮುಂದೆ ಸೌದಾತಾಳ ಬೂದು ಹೆಣ್ಣೊಂಟೆ, ನಡುವೆ ಬುಖಾ, ಹಿಂದೆ ಇಲಾತನ್. ಬುಖಾ ಬಂದದ್ದೇ ಇಬ್ಬರ ನಡುವೆ ಮಾತು ದಾಟಿಸುವುದಕ್ಕೆ. ತಣ್ಣಗಿನ ಗಾಳಿ ಮೂಡಲಿಂದ ನೇರ ಮುಖಕ್ಕೆ ಬೀಸುತ್ತಿತ್ತು. ಕದಲದ ನಕ್ಷತ್ರ ಎಡ ಭುಜದ ಮೇಲಿತ್ತು. ಮರಿ ಒಂಟೆಯ ಹಗ್ಗ ಹಿಡಿದು ನಿಂತ ಹೆಂಗಸು ಎಂದು ಅದನ್ನು ಕರೆಯುತ್ತಾರೆ. ಮರಿ ಸುತ್ತ ತಿರುಗುತ್ತದೆ, ಅವಳು ನಿಂತಲ್ಲೇ ನಿಂತಿರುತ್ತಾಳೆ. ಅವಳು ಎಡ ಭುಜದ ಮೇಲಿದ್ದರೆ ದಾರಿ ಸರಿ.

ಬುಖಾ ಬಾಯಿ ಮುಚ್ಚಲಿಲ್ಲ. ಸೌದಾತಾ ಮದುವೆಯ ರಾತ್ರಿ ಒಂಟೆಯಿಂದ ಬಿದ್ದ ಕಥೆಯನ್ನು ಅಳಿಯನಿಗೆ ಕೇಳುವಂತೆ ಹೇಳಿದ. ಅವಳು, ಬಿದ್ದದ್ದು ನಾನಲ್ಲ ನಿನ್ನ ತಂಗಿ, ನಿನ್ನ ನೆನಪು ತೂತು ಬಿದ್ದ ನೀರಿನ ಚೀಲ ಎಂದಳು. ನಡುನಡುವೆ ಅವನು ಹಿಂದಕ್ಕೆ ತಿರುಗಿ, ಅತ್ತೆಗೆ ಬಾಯಾರಿಕೆಯಾಗಿದೆಯೇ ಎಂದು ಕೇಳಲಿಕ್ಕಿದೆಯೋ ಎನ್ನುವನು. ಹಿಂದಿನಿಂದ ಏನೋ ಗುಣುಗುಣು ಕೇಳಿಸುವುದು. ಬುಖಾ ಮುಂದಕ್ಕೆ ತಿರುಗಿ ಅದಕ್ಕೆ ತನ್ನದೊಂದಿಷ್ಟು ಸೇರಿಸಿ ಹೇಳುವನು. ಅಳಿಯ ಆಡಿದ್ದು ಎಷ್ಟು, ಬುಖಾ ಸೇರಿಸಿದ್ದು ಎಷ್ಟು ಎಂದು ಸೌದಾತಾ ಲೆಕ್ಕ ಹಾಕುತ್ತ ಕೂತಳು. ಗುಣುಗುಣು ಗಿಡ್ಡಗಿತ್ತು, ಬುಖಾನ ಮಾತು ಉದ್ದಕ್ಕಿತ್ತು.

ಬಯಲು ಶುರುವಾಗುವ ಕಡೆ ಜಾಲಿ ಗಿಡಗಳ ಸಾಲೊಂದಿದೆ. ಅದನ್ನು ದಾಟುವಾಗ ಬುಖಾನ ಒಂಟೆ ಕುಂಟತೊಡಗಿತು. ಇಳಿದು ತಡವಿ ನೋಡಿದರೆ ಪಾದದಲ್ಲಿ ಬೆರಳುದ್ದದ ಮುಳ್ಳು. ಕಿತ್ತದ್ದಾಯಿತು, ಆದರೆ ಒಂಟೆ ಕಾಲೂರಲಿಲ್ಲ. ಬುಖಾ ಅಲ್ಲೇ ಕೂತುಬಿಟ್ಟ. ನಾನು ಬೆಳಗಾದ ಮೇಲೆ ಇದನ್ನು ನಡೆಸಿಕೊಂಡು ವಾಪಸು ಹೋಗುತ್ತೇನೆ, ನೀವು ಹೊರಡಿ, ತಡವಾದರೆ ಎಲ್ಲ ಕೆಟ್ಟಿತು ಎಂದ.

"ನಾನು ಹೇಗೆ ಹೋಗ್ಲಿ, ಅವನು ಹೇಗೆ ಬರ್ತಾನೆ? ನಡುವೆ ಮಾತಾಡೋರು ಯಾರು?" ಎಂದಳು ಸೌದಾತಾ.

"ಒಂಟೆಗಳಿವೆಯಲ್ಲ. ನನಗಿಂತ ಬುದ್ಧಿ ಜಾಸ್ತಿ ಅಂತ ನೀನೇ ಎಷ್ಟು ಸಲ ಹೇಳಿಲ್ಲ?"

ಹಾಗೆ ಅತ್ತೆ ಅಳಿಯ ಇಬ್ಬರೇ ಉಳಿದರು. ಇಲಾತನ್ ಮುಂದೆ ಬರಲಿಲ್ಲ. ಬಂದರೆ ಅತ್ತೆಗೆ ಬೆನ್ನು ತೋರಿಸಿದಂತೆ. ಪಕ್ಕಕ್ಕೂ ಬರಲಿಲ್ಲ, ಬಂದರೆ ಸರಿಸಮಕ್ಕೆ ನಿಂತಂತೆ. ಹಿಂದೆಯೇ, ಕಲ್ಲೆಸೆಯುವಷ್ಟು ದೂರದಲ್ಲಿ ಉಳಿದ. ಸೌದಾತಾ ತನ್ನಷ್ಟಕ್ಕೆ ಅಂದುಕೊಂಡಳು: ದಾರಿ ಅವನದು, ನಿನ್ನೆ ರಾತ್ರಿಯಷ್ಟೇ ಬಂದವನು, ಕುರಿಗಾಹಿ ಹಿಂದಿನಿಂದ ಹಿಂಡನ್ನು ನಡೆಸುವ ಹಾಗೆ ನನ್ನನ್ನು ನಡೆಸುತ್ತಾನೆ, ತಪ್ಪಿದರೆ ಹೇಗಾದರೂ ತಿಳಿಸುತ್ತಾನೆ. ಆಗಾಗ ಹಿಂದಿನಿಂದ ಅವನು ನಾಲಿಗೆ ಲೊಟ್ಟೆ ಹೊಡೆಯುವ ಸದ್ದು ಕೇಳುತ್ತಿತ್ತು. ಓ, ಸರಿಯಾಗಿ ಹೋಗುತ್ತಿದ್ದೇನೆ ಎನ್ನುತ್ತಿದ್ದಾನೆ ಎಂದು ಅವಳು ಮೂಗುದಾರ ಸಡಿಲ ಬಿಟ್ಟಳು.

ರಾತ್ರಿ ಏರಿದಂತೆ ಗಾಳಿಯಲ್ಲಿ ಧೂಳೆದ್ದಿತು. ಮಳೆ ನಿಂತ ಹೊಸದರಲ್ಲಿ ಹೀಗೆ ಆಗುವುದುಂಟು. ಮೊದಲು ಸಣ್ಣ ನಕ್ಷತ್ರಗಳು ಅಳಿಸಿದವು, ಆಮೇಲೆ ದೊಡ್ಡವು, ಕಡೆಗೆ ಹಗ್ಗ ಹಿಡಿದ ಹೆಂಗಸೂ ಮಾಯವಾದಳು. ಮೇಲೆ ಕೆಳಗೆ ಒಂದೇ ಬಣ್ಣ. ಸೌದಾತಾ ಮುಸುಕೆಳೆದುಕೊಂಡು, ಒಂಟೆಯ ಓಲಾಟಕ್ಕೆ ಮೈಯೊಪ್ಪಿಸಿ, ಕೂಸಿನ ಮುಖ ಯಾರ ಹಾಗಿರಬಹುದೆಂದು ಯೋಚಿಸಿದಳು. ಅಪ್ಪನ ಹಾಗಿದ್ದರೆ? ಅಪ್ಪನ ಮುಖ ಹೇಗಿದೆ ಎಂದು ತಿಳಿದಿದ್ದರಲ್ಲವೇ ಹೇಳುವುದು. ಕೂಸನ್ನು ನೋಡಿದ ಮೇಲೆ ರಖ್ಮತುವಿನ ಹಾಗಿಲ್ಲದ್ದೆಲ್ಲ ಅವನದು ಎಂದು ತಿಳಿದುಕೊಳ್ಳಬಹುದು. ಈ ಉಪಾಯ ಹೊಳೆದು ಅವಳಿಗೆ ನಗು ಬಂತು. ಹಾಗೆಯೇ ಕಣ್ಣು ಹತ್ತಿತು.

ಎಚ್ಚರವಾದಾಗ ಗಾಳಿ ನಿಂತಿತ್ತು. ಆಕಾಶ ತೊಳೆದಿಟ್ಟಂತಿತ್ತು. ಸೌದಾತಾ ಎಡ ಭುಜದ ಮೇಲೆ ಹೆಂಗಸನ್ನು ಹುಡುಕಿದಳು. ಅಲ್ಲಿರಲಿಲ್ಲ. ತಿರುಗಿ ನೋಡಿದರೆ ನೇರ ಬೆನ್ನ ಹಿಂದೆ, ಇಲಾತನ್‌ನ ಮುಂಡಾಸಿನ ಮೇಲೆ ಕೂತ ಹಾಗೆ ಹೊಳೆಯುತ್ತಿದ್ದಳು. ಮೂಡಲಿಗೆ ಹೋಗಬೇಕಾದವರು ಎಷ್ಟು ಹೊತ್ತಿನಿಂದಲೋ ತೆಂಕಲಿಗೆ ನಡೆದಿದ್ದರು.

ಅವಳು ಒಂಟೆ ನಿಲ್ಲಿಸಿದಳು. ಅವನೂ ನಿಲ್ಲಿಸಿದ. ಅವನು ಏನಾದರೂ ಹೇಳಿಯಾನೆಂದು ಇವಳು ಕಾದಳು. ಇವಳು ಏನಾದರೂ ಅಪ್ಪಣೆ ಕೊಟ್ಟಾಳೆಂದು ಅವನು ಕಾದ. ಒಂಟೆಗಳು ಮೆಲುಕು ಹಾಕಿದವು. ಹೀಗೆ ಕಾಯುತ್ತ ನಿಂತರೆ ಇಬ್ಬರಿಗೂ ಇಲ್ಲೇ ಗಡ್ಡ ಬೆಳೆಯುತ್ತದೆ ಎಂದುಕೊಂಡು ಸೌದಾತಾ ಬಗ್ಗಿ ತನ್ನ ಒಂಟೆಯ ಕತ್ತು ತಟ್ಟಿದಳು, ಹಿಂದೆ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದಳು.

"ಏನಮ್ಮಾ ಬೂದಿ, ನಮ್ಮನ್ನ ಎಲ್ಲಿಗೆ ಕರ್ಕೊಂಡು ಹೊರಟಿದ್ದೀಯ? ದಾರಿ ಬಲ್ಲೋರು ಹಿಂದೆ ಇದ್ರಲ್ಲ, ಅವರು ಲೊಟ್ಟೆ ಹೊಡೀತಿದ್ರಲ್ಲ, ಸರಿ ಸರಿ ಅಂತ."

ಹಿಂದಿನಿಂದ, ಎರಡು ವರ್ಷದಲ್ಲಿ ಅವಳು ಗುಣುಗುಣು ಬಿಟ್ಟರೆ ಸರಿಯಾಗಿ ಕೇಳಿರದ ದನಿ ಕೇಳಿಸಿತು. ನೆನೆಸಿದ್ದಕ್ಕಿಂತ ಎಳೆಯ ದನಿ. ಅವನೂ ತನ್ನ ಒಂಟೆಗೇ ಹೇಳುತ್ತಿದ್ದ.

"ಕೇಳಿದ್ಯಾ, ನೀನು ತೂಕಡಿಸ್ತಿದ್ದೆ ಅಂತ ನಾನು ಲೊಟ್ಟೆ ಹೊಡೆದ್ರೆ, ದೊಡ್ಡೋರು ಅದನ್ನ ಬೇರೆ ತಿಳ್ಕೊಂಡಿದಾರೆ. ದಾರಿ ಹಿಡಿದೋರು ಅವರು. ನಾವು ಹಿಂದೆ ಬಂದ್ವಿ ಅಷ್ಟೆ."

ಸೌದಾತಾ ಬೆರಗಾದಳು. ಅವಳು ಅವನನ್ನು ನಂಬಿ ನಡೆದಿದ್ದಳು; ಅವನು ಅವಳನ್ನು ನಂಬಿ ನಡೆದಿದ್ದ; ಇಬ್ಬರೂ ಸೇರಿ ಬೂದು ಒಂಟೆಯ ಹಿಂದೆ ಹೋಗಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮತ್ತೆ ಒಂಟೆಯನ್ನೇ ಕೇಳಿದಳು: ದಾರಿ ತಪ್ಪಿದ್ದು ಹಿಂದಿನವರಿಗೆ ಗೊತ್ತಾಗಲೇ ಇಲ್ಲವೇ?

"ಗೊತ್ತಾಗಿತ್ತು," ಎಂದ ಇಲಾತನ್ ತನ್ನ ಒಂಟೆಯ ಕಿವಿಗೆ. "ಗಾಳಿ ಮುಖದಿಂದ ಎಡಗೆನ್ನೆಗೆ ಬಂದಾಗಲೇ ಗೊತ್ತಾಗಿತ್ತು."

ಇದನ್ನು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು. ಗಾಳಿ ಎಡಗೆನ್ನೆಗೆ ಬಂದಾಗ ಎಂದರೆ ಒಂಟೆ ತಿರುಗಿದ ಗಳಿಗೆಯಲ್ಲೇ. ಅಷ್ಟು ಹೊತ್ತಿನಿಂದ ತಿಳಿದೂ ತಿಳಿದೂ ಬಾಯಿಗೆ ಬೀಗ ಹಾಕಿಕೊಂಡು ಬಂದನೇ? ನಾಳೆ ಸಂಜೆ ಆ ಸೋದರತ್ತೆ ಕೂಸನ್ನೆತ್ತಿಕೊಂಡು ಹೊರಟಾಗ ಈ ಮರ್ಯಾದೆಯನ್ನು ತಟ್ಟೆಗೆ ಹಾಕಿಕೊಂಡು ತಿನ್ನುವುದೇ? ಮರ್ಯಾದೆ ಕೊಡುವುದು ಅತ್ತೆಗೋ ಅಥವಾ ಹುಟ್ಟಿದ ಕೂಸಿಗೋ ಎಂದು ಆ ಒಂಟೆಯ ಯಜಮಾನರನ್ನು ಕೇಳು ಎಂದು ತನ್ನ ಒಂಟೆಗೆ ಗದರಿದಳು. ಪಾಪದ ಒಂಟೆ ಕಿವಿ ಹಿಂದಕ್ಕೆ ಮಾಡಿತು.

"ಬೈಗುಳ ತಿನ್ನೋಣ ಬಿಡು, ತಿನ್ನೋ ತಪ್ಪೇ ಮಾಡಿದೀವಿ," ಎಂದ ಅವನು ತನ್ನ ಒಂಟೆಗೆ, ನಿಧಾನವಾಗಿ. "ತೆಂಕಣ ಹಳೇ ಬಾವಿ ಹತ್ರ ಆ ತಾಯಿ ಸಮಾಧಿ ಇದೆಯಲ್ಲ. ಕೂಸಿಗೆ ಅವರ ಹೆಸರು ಇಡೋಕೆ ಮುಂಚೆ ಅಲ್ಲಿ ಮಲಗಿ ಕೇಳ್ಕೊಂಡು ಬರೋಕೆ ಹೊರಟಿದಾರೆ ಅಂದ್ಕೊಂಡೆ. ಅಂಥ ಕೆಲಸಕ್ಕೆ ಹೊರಟೋರನ್ನ ಎಲ್ಲಿಗೆ ಅಂತ ಕೇಳೋದಾ?"

ಸತ್ತವರ ಮಗ್ಗುಲಲ್ಲಿ ಮಲಗಿ ಕನಸು ಕೇಳುವ ಹೆಂಗಸರು ಸೌದಾತಾಳ ಕಡೆ ಇದ್ದರು. ಅವಳ ತಾಯಿಯೂ ಮಾಡಿದ್ದುಂಟು. ತಾನು ಅದನ್ನು ನೆನೆಸಿಕೊಂಡಿರಲಿಲ್ಲ. ಹೆಸರು ಇಡುವ ಹಟವಿತ್ತೇ ಹೊರತು, ಹೆಸರಿನವಳನ್ನು ಕೇಳಬೇಕೆಂದು ಹೊಳೆದೇ ಇರಲಿಲ್ಲ. ಇವನಿಗೆ ಹೊಳೆದಿತ್ತು. ಮೂಕನಂತಿರುವ ಈ ಮನುಷ್ಯ ಹಿಂದಿನಿಂದ ಅವಳನ್ನು ನೋಡುತ್ತ, ಅವಳಿಗಿಲ್ಲದ ದೊಡ್ಡ ಮನಸ್ಸನ್ನು ಅವಳದೆಂದು ನಂಬಿ, ಮಾತಿಲ್ಲದೆ ನಡೆದುಬಂದಿದ್ದ. ಬೂದು ಒಂಟೆ ಆ ಬಾವಿಯ ಹತ್ತಿರ ಒಮ್ಮೆ ಮರಿ ಹಾಕಿತ್ತು. ಅದು ಹೊರಟದ್ದು ಅದರ ಕೆಲಸಕ್ಕೆ.

ಬೈಗುಳ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಒಂಟೆಯ ಮೂಲಕ ಹೇಗೆ ಹೇಳುವುದೆಂದು ತಿಳಿಯದೆ ಅವಳು, ಈಗ ಕೂಸಿನ ಹತ್ತಿರ ಹೋಗೋಣ, ಮುಂದೆ ಯಾರಾದರೂ ನಡೆದು ದಾರಿ ತೋರಿಸಲಿ ಎಂದಳು. ಇಲಾತನ್‌ಗೆ ಸಂಕಟವಾದದ್ದು ಕತ್ತಲೆಯಲ್ಲೂ ತಿಳಿಯಿತು. ಮುಂದೆ ಹೋದರೆ ಬೆನ್ನು. ಸ್ವಲ್ಪ ಹೊತ್ತು ತೊಳಲಿದವನು ಆಮೇಲೆ ಒಂಟೆಯನ್ನು ಮಂಡಿಯೂರಿಸಿ ಇಳಿದ. ತನ್ನ ಒಂಟೆಯನ್ನು ಅವಳ ಒಂಟೆಯ ಹಿಂದೆ ಕಟ್ಟಿ, ಮುಂದೆ ಬಂದು ಅವಳ ಒಂಟೆಯ ಹಗ್ಗ ಹಿಡಿದು ನಡೆಯತೊಡಗಿದ. ಸವಾರಿಯವರ ಮುಂದೆ ಹಗ್ಗ ಹಿಡಿದು ನಡೆಯುವವನು ಆಳು. ಆಳಿನ ಬೆನ್ನಿಗೆ ಯಾವ ಶಾಸ್ತ್ರವೂ ಇಲ್ಲ. ಸೌದಾತಾ ಮೆಚ್ಚಿಕೊಂಡು ತಲೆಯಾಡಿಸಿದಳು.

ರಾತ್ರಿಯ ಉಳಿದ ಹೊತ್ತೆಲ್ಲ ಅವನು ನಡೆದ. ಕಲ್ಲಿನ ಮೇಲೆ ಅವನ ಚಪ್ಪಲಿಯ ಸದ್ದು ಒಂದೇ ಹದದಲ್ಲಿ ಬೀಳುತ್ತಿತ್ತು. ಅವಳು ಒಂಟೆಯನ್ನು ಒಂದೊಂದಾಗಿ ಕೇಳಿದಳು: ಹೆರಿಗೆಯಲ್ಲಿ ರಖ್ಮತು ಬಹಳ ಅತ್ತಳೇ? ಕೂಸಿಗೆ ಕೂದಲು ಇದೆಯೇ? ಅವನು ಅದೇ ಒಂಟೆಗೆ ಉತ್ತರ ಕೊಟ್ಟ: ಅತ್ತದ್ದು ನಾನು, ಗುಡಾರದ ಆಚೆ ಕೂತು. ಕೂದಲಿದೆ, ಗುಡ್ಡದ ಮೇಲಿನ ಹುಲ್ಲಿನ ಹಾಗೆ ಅಲ್ಲಲ್ಲಿ. ಮೂಗು ಮಾತ್ರ ಅಜ್ಜಿಯದು, ಯಾವುದಕ್ಕೂ ಹೆದರದ ಮೂಗು. ಇದನ್ನು ಹೇಳಿ ತಾನೇ ಬೆಚ್ಚಿದನೋ ಏನೋ, ಹಗ್ಗ ಬಿಗಿಹಿಡಿದು ಹೆಜ್ಜೆ ಚುರುಕು ಮಾಡಿದ. ಸೌದಾತಾ ಮೂಗು ಮುಟ್ಟಿ ನೋಡಿಕೊಂಡಳು.

ಬೆಳಗಾದಾಗ ನೆಲದ ಮೇಲೆ ತೆಳ್ಳಗೆ ಮರಳು ಹಾಸಿತ್ತು. ಅವನ ಹೆಜ್ಜೆಗಳು ಅದರಲ್ಲಿ ಮೂಡುವುದನ್ನು ಅವಳು ಮೇಲಿನಿಂದ ಓದಿದಳು. ಮುಖ ಮುಚ್ಚಬಹುದು, ಹೆಜ್ಜೆ ಮುಚ್ಚಲಾಗದು. ಎಡಗಾಲು ಸ್ವಲ್ಪ ಹೊರಕ್ಕೆ ಚಾಚಿತ್ತು. ಹಿಮ್ಮಡಿ ಆಳಕ್ಕೆ ಇಳಿದಿರಲಿಲ್ಲ. ಎಷ್ಟೇ ದಣಿದರೂ ನೆಲವನ್ನು ಒದೆಯದ ಮನುಷ್ಯ.

ಬಿಸಿಲೇರುವಷ್ಟರಲ್ಲಿ ಬಯಲು ಮುಗಿದಿತ್ತು; ಅದರ ಅಂಚಿನ ಬಂಡೆಯೊಂದರ ನೆರಳಲ್ಲಿ ಇಳಿದರು. ಸಜ್ಜೆ, ಖರ್ಜೂರ, ಒಣಗಿದ ಮೇಕೆ ಚೀಸು ಕುಟ್ಟಿದ ಪುಡಿಯನ್ನು ಅವಳು ನೀರಲ್ಲಿ ಕದಡಿ, ಬಟ್ಟಲನ್ನು ಬಂಡೆಯ ಆಚೆ ಬದಿಗೆ ಇಟ್ಟು ಬಂದಳು. ಅವನು ಅಲ್ಲಿ ಕುಡಿದ. ನಡುವೆ ಬಂಡೆ, ಬಂಡೆಯ ಪಕ್ಕಕ್ಕೆ ಕಟ್ಟಿದ ಬೂದು ಒಂಟೆ. ರಾತ್ರಿಯಿಂದ ಅವಳು ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಬಂದಿದ್ದಳು. ಅವನು 'ಆ ತಾಯಿ' ಎಂದಿದ್ದ, 'ಅವರ ಹೆಸರು' ಎಂದಿದ್ದ. ಹೆಸರನ್ನು ಮಾತ್ರ ಆಡಿರಲಿಲ್ಲ. ಆಡುವಂತೆಯೂ ಇಲ್ಲ. ಅಳಿಯ ಅತ್ತೆಯ ಹೆಸರೆತ್ತಬಾರದು; ಅದೇ ಕಟ್ಟು ಅತ್ತೆಯ ತಾಯಿಯ ಹೆಸರಿಗೂ ಉಂಟು.

"ಬೂದೀ," ಎಂದಳು. "ಕೂಸಿಗೆ ನಮ್ಮಮ್ಮನ ಹೆಸರೇ ಇಟ್ರೆ, ಅದರ ಅಪ್ಪ ಅದನ್ನ ಏನಂತ ಕರೀತಾನೆ?"

ಬಂಡೆಯಾಚೆ ಬಟ್ಟಲು ಕೆಳಗಿಟ್ಟ ಸದ್ದಾಯಿತು.

"ಮಗಳೇ ಅಂತ ಕರೀಬಹುದು. ಕೂಸೇ ಅನ್ನಬಹುದು. ದೂರ ಇದ್ರೆ ಕೈ ಬೀಸಿದ್ರಾಯ್ತು, ನೋಡಿದ್ರೆ ಬರ್ತಾಳೆ."

ನೋಡದಿದ್ದರೆ? ಧೂಳೆದ್ದಾಗ, ಮೇಕೆ ಹಿಂದೆ ಹೋದ ಹುಡುಗಿ ಕಣ್ಣಿಗೆ ಬೀಳದಿದ್ದಾಗ? ಸೌದಾತಾ ಇದನ್ನು ಒಂಟೆಯನ್ನು ಕೇಳಲಿಲ್ಲ. ತಾನು ಹೇಳಿಕೊಂಡು ಬಂದ ಮಾತನ್ನು ಆ ಮಧ್ಯಾಹ್ನವೆಲ್ಲ ಹಿಂದೆ ಮುಂದೆ ತಿರುಗಿಸಿ ನೋಡಿದಳು. ತಾಯಿ ಕನಸಿಗೆ ಬಂದು ಏನಾದರೂ ಹೇಳಿಯಾಳೆಂದು ಕಣ್ಣು ಮುಚ್ಚಿದಳು. ಬರಲಿಲ್ಲ. ತೀಮಾ ಬದುಕಿದ್ದಾಗಲೂ ಕೇಳಿದಾಗ ಹೇಳಿದವಳಲ್ಲ.

ಕಣಿವೆ ಕಂಡಾಗ ಸೂರ್ಯ ಗುಡ್ಡದ ಅಂಚಿಗೆ ತಾಗಿದ್ದ. ಗುಡಾರದ ಮುಂದೆ ಹೆಂಗಸರು ನೆರೆದಿದ್ದರು. ಇಲಾತನ್‌ನ ಸೋದರತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನೆತ್ತಿಕೊಂಡು ಆಗಲೇ ಹೊರಗೆ ನಿಂತಿದ್ದಳು. ಒಂಟೆ ಮಂಡಿಯೂರುವ ಮೊದಲೇ ಸೌದಾತಾ ಜಾರಿ ಇಳಿದಳು.

"ಇನ್ನೊಂಚೂರು ತಡ ಮಾಡಿದ್ರೆ ನನ್ನ ಮೊಮ್ಮಗಳಾಗಿರೋಳು," ಎಂದಳು ಸೋದರತ್ತೆ, ನಗುತ್ತಲೇ, ಆದರೆ ತೋಳು ಸಡಿಲಿಸದೆ.

"ನಿನ್ನ ಮೊಮ್ಮಗಳೇ. ಸ್ವಲ್ಪ ಹೊತ್ತು ನನಗೆ ಕೊಡು," ಎಂದು ಸೌದಾತಾ ಕೈಚಾಚಿದಳು. ಕೂಸು ಮೇಕೆಮರಿಗಿಂತ ಹಗುರವಾಗಿತ್ತು. ಮೂಗನ್ನು ನೋಡಿದಳು. ಹೌದು, ಅವನು ಸುಳ್ಳು ಹೇಳಿರಲಿಲ್ಲ. ಕಿವಿ ಮಾತ್ರ ಅವಳಿಗೆ ಗೊತ್ತಿಲ್ಲದವರದು.

ಅವಳು ಗುಡಾರ ಸುತ್ತತೊಡಗಿದಳು. ಹೆಂಗಸರು ಹಾಡಿಕೊಂಡು ಹಿಂದೆ ಬಂದರು. ಆಚೆ ಮೇಕೆಗಳ ಹತ್ತಿರ ಇಲಾತನ್ ಒಂಟೆಗಳ ಹೊರೆ ಬಿಚ್ಚುತ್ತಿದ್ದ, ಮಗ್ಗುಲಾಗಿ ನಿಂತು, ಸೆರಗು ಕಣ್ಣಿನವರೆಗೆ ಎಳೆದುಕೊಂಡು. ಕಿವಿಯೆಲ್ಲ ಇತ್ತಲೇ ಇತ್ತು. ಒಂದು ಕಡೆಗೆ ಹೆಸರು ಕಾಯುತ್ತಿತ್ತು, ಇನ್ನೊಂದು ಕಡೆಗೆ ಆ ಹೆಸರು ಬಾಯಿಗೆ ಬಾರದ ಅಪ್ಪ. ಬಾಗಿಲಿಗೆ ಬಂದಾಗ ಸೌದಾತಾ ಕೂಸಿನ ಕಿವಿಗೆ ಬಾಯಿಟ್ಟು ಒಂದು ಮಾತು ಹೇಳಿದಳು. ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಇವಳ ಹೆಸರು ತೇನಿ."

ತೇನಿ ಎಂದರೆ ಖರ್ಜೂರ, ಅಷ್ಟೆ. ಅವರ ಕಡೆಯ ಯಾವ ಹಿರಿಯರೂ ಅಲ್ಲ, ಇವರ ಕಡೆಯವರೂ ಅಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಳಗಿನಿಂದ ರಖ್ಮತು, ಅಜ್ಜಿಯ ಹೆಸರಿಡುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆಯಲ್ಲ ಅಮ್ಮಾ, ದಾರಿಯಲ್ಲಿ ಮರೆತೆಯಾ ಎಂದು ಕೇಳಿದಳು.

ಮರೆತಿಲ್ಲ ಎಂದಳು ಸೌದಾತಾ. "ಆ ಹೆಸರು ನನ್ನ ಹತ್ರ ಇರಲಿ. ಇದು ಕೂಗೋದಕ್ಕೆ ಇಟ್ಟಿದ್ದು. ಎಲ್ರ ಬಾಯಿಗೂ ಬರಬೇಕು."

ಎಲ್ಲರ ಎಂದಾಗ ರಖ್ಮತು ಚಾಪೆಯ ಸಂದಿನಿಂದ ಗಂಡ ನಿಂತ ಕಡೆ ನೋಡಿದಳು, ಮತ್ತೆ ತಾಯಿಯನ್ನು ನೋಡಿದಳು, ಕೂಸನ್ನು ತೆಗೆದುಕೊಳ್ಳಲು ಮಡಿಲು ಹರವಿದಳು.

ಕೂಸನ್ನು ತಾಯಿಯ ಮಡಿಲಿಗಿಟ್ಟು ಸೌದಾತಾ ಕಾಲು ಚಾಚಿ ಕೂತಳು. ಸೊಂಟ ಹಿಡಿದುಕೊಂಡಿತ್ತು. ಹೊರಗೆ ಹೆಂಗಸರು ಹೆಸರಿನ ಮೇಲೆ ಇನ್ನೂ ವಾದ ಮಾಡುತ್ತಿದ್ದರು. ಆಗ ಮೇಕೆಗಳ ಕಡೆಯಿಂದ ಗಂಡಸಿನ ದನಿಯೊಂದು, ಹೊಸ ಚಪ್ಪಲಿಯಲ್ಲಿ ಮೊದಲ ಹೆಜ್ಜೆಯಿಟ್ಟ ಹಾಗೆ, ಅಂಜುತ್ತ, "ತೇನಿ" ಎಂದಿತು. ಒಂದು ಗಳಿಗೆ ಬಿಟ್ಟು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ.

"ನೋಡ್ರೇ ಇವನನ್ನ," ಎಂದಳು ಸೋದರತ್ತೆ. "ಹಾಲು ಕುಡಿಯೋದು ಬಿಟ್ರೆ ಬೇರೇನೂ ಗೊತ್ತಿಲ್ಲದ ಕೂಸನ್ನ ಈಗಲೇ ಕೆಲಸಕ್ಕೆ ಕರೀತಿದಾನೆ."

ಕರೆಯಲಿ ಬಿಡಿ ಎಂದಳು ಸೌದಾತಾ, ಈ ಸಲ ಯಾವ ಒಂಟೆಗೂ ಅಲ್ಲ.